ನೋಡಿ ಬರ್ತೇನಿ

ಕಂಪ್ಯೂಟರು ಸತ್ತಿದೆ ಎಂದು ಒಂದು ಸಾಲು ಬರೆದು ಸಹಿ ಹಾಕಿಕೊಟ್ಟರೆ ಸಾಕು ಎಂದು ಮ್ಯಾನೇಜರ್ ಕಟ್ಟಿಮನಿ ಹೇಳಿದ್ದು ಅದು ಮೂರನೆಯ ಸಲ. ಚನ್ನವೀರನ ಮನೆಯ ಪಡಸಾಲೆಯಲ್ಲಿ, ಗೋಡೆಯ ಮೇಲಿದ್ದ ಕಸ್ತೂರಿಯ ಫೋಟೋಕ್ಕೆ ಬೆನ್ನು ಹಾಕಿ ಕೂತು ಹೇಳಿದರು. ಬೇಕೆಂದೇ ಹಾಗೆ ಕೂತರೋ, ಕುರ್ಚಿ ಇದ್ದದ್ದೇ ಹಾಗೋ, ಹೇಳುವುದು ಕಷ್ಟ.

“ನಾಡದು ಶುಕ್ರವಾರ ವಿಚಾರಣೆ ಐತಿ ಚನ್ನವೀರ. ಕಂಪ್ಯೂಟರ್ ಚಾಲೂ ಆಗೂದಿಲ್ಲ, ಒಳಗಿಂದು ಏನೂ ತಗಿಯಾಕ ಬರೂದಿಲ್ಲ ಅಂತ ಲೈಸೆನ್ಸ್ ಇದ್ದವ್ರು ಬರದು ಕೊಡಬೇಕಂತ. ಊರಾಗ ಲೈಸೆನ್ಸ್ ಇದ್ದವ ನೀನೊಬ್ಬನ. ಇಂಥಾದ್ರಾಗ ಬ್ಯಾರೆ ಊರವ್ರನ್ನ ಕರಸೂದು ನನಗ ಸರಿ ಕಾಣಲಿಲ್ಲ.”

“ಒಮ್ಮೆ ಬಿಚ್ಚಿ ನೋಡತೇನ್ರಿ,” ಎಂದ ಚನ್ನವೀರ.

“ನೋಡೂದೇನೈತಿ ಅದ್ರಾಗ. ಕಂಪನಿ ಎಂಜಿನಿಯರ್ ಫೋನಿನ್ಯಾಗ ಹೇಳಿಬಿಟ್ಟಾನ, ಬೋರ್ಡ್ ಹೋಗೇತಿ ಅಂತ.”

“ಫೋನಿನ್ಯಾಗ ಬೋರ್ಡ್ ಕಾಣತದೇನ್ರಿ?”

ಕಟ್ಟಿಮನಿ ಚಹಾ ಕುಡಿದು ಎದ್ದರು.

ಬ್ಯಾಡಗಿ ಪೇಟೆಯಲ್ಲಿ ಚನ್ನವೀರ ಕಂಪ್ಯೂಟರು ರಿಪೇರಿ ಅಂಗಡಿ ಇಟ್ಟು ಹದಿನಾರು ವರ್ಷ. ಕಟ್ಟಿಮನಿಯವರ ಶೈತ್ಯಾಗಾರದ ಕಂಪ್ಯೂಟರುಗಳ ಉಸ್ತುವಾರಿಯೂ ಅವನದೇ. ಮೆಣಸಿನಕಾಯಿ ಚೀಲಗಳನ್ನು ತಿಂಗಳುಗಟ್ಟಲೆ ತಣ್ಣಗೆ ಕಾಪಾಡುವ ಆ ಕಟ್ಟಡಕ್ಕೆ ಊರವರು ‘ಕೋಲ್ಡು’ ಎಂದಷ್ಟೇ ಅನ್ನುತ್ತಾರೆ. ಕೋಲ್ಡಿನ ಕಂಟ್ರೋಲ್ ರೂಮಿನಲ್ಲಿ ಅವನ ಹೆಂಡತಿ ಕಸ್ತೂರಿ ಆಪರೇಟರ್ ಆಗಿದ್ದಳು. ಮೂವತ್ತೆಂಟು ದಿನಗಳ ಹಿಂದೆ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಮೂರನೆಯ ಕೋಣೆಯಲ್ಲಿ ಅಮೋನಿಯಾ ಪೈಪು ಒಡೆಯಿತು. ಒಳಗೆ ಚೀಲ ಹೊರುತ್ತಿದ್ದ ಇಬ್ಬರು ಹಮಾಲರು ಸತ್ತರು. ಅದೇ ಕೋಣೆಯ ಬಾಗಿಲ ಬಳಿ ಕಸ್ತೂರಿಯ ಹೆಣವೂ ಸಿಕ್ಕಿತು. ಅಷ್ಟಾದರೂ ಸೈರನ್ ಕೂಗಲಿಲ್ಲ.

ಸೈರನ್ ಕೂಗಿಸಬೇಕಾದವಳು ಕುರ್ಚಿ ಬಿಟ್ಟು ಅಲ್ಲಿಗೇಕೆ ಹೋಗಿದ್ದಳು? ಈ ಪ್ರಶ್ನೆಗೆ ಊರಿನ ಬಾಯಿ ನಾಲ್ಕು ಉತ್ತರ ಹುಡುಕಿಕೊಂಡಿತ್ತು, ನಾಲ್ಕರಲ್ಲಿ ಒಂದೂ ಮರ್ಯಾದೆಯದಲ್ಲ. ಕಂಪನಿಯ ವರದಿ ಮಾತ್ರ ಬಹಳ ಮರ್ಯಾದೆಯ ಭಾಷೆಯಲ್ಲಿ ‘ಆಪರೇಟರರ ನಿರ್ಲಕ್ಷ್ಯ’ ಎಂದಿತ್ತು.

ಕಟ್ಟಿಮನಿ ಹೋದ ಮೇಲೆ ಒಳಗಿನಿಂದ ಚನ್ನವೀರನ ತಾಯಿ ನೀಲವ್ವ ಬಂದಳು.

“ಇವತ್ತ ನಳದ ಹಂತ್ಯಾಕ ಹಮಾಲರ ಫಕ್ಕೀರಪ್ಪನ ಅವ್ವ ಬಂದಿದ್ಲು. ನಾ ಕೊಡ ಇಟ್ಟಿದ್ದೆ, ಅದನ್ನ ಕಾಲಿಲೆ ಸರಿಸಿದ್ಲು. ನಿನ್ನ ಸೊಸಿ ನನ್ನ ಮಗನ್ನ ತಿಂದ್ಲು ಅಂದ್ಲು. ನಾ ಏನನ್ಲಿ ತಮ್ಮಾ? ಖಾಲಿ ಕೊಡ ತಗೊಂಡ ಬಂದೆ.”

ಚನ್ನವೀರ ಸ್ಕ್ರೂಡ್ರೈವರಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಆ ಕಂಪ್ಯೂಟರು ಒಮ್ಮೆ ಎದ್ದು ಕೂತರೆ, ಕಸ್ತೂರಿ ಕುರ್ಚಿ ಬಿಟ್ಟದ್ದೇಕೆ ಎಂಬುದು ಅದರೊಳಗಿನ ದಾಖಲೆಯಲ್ಲಿ ಇದ್ದೇ ಇರುತ್ತದೆ. ಏಳದಿದ್ದರೆ ಅವಳು ಶುಕ್ರವಾರದಿಂದ ಸರಕಾರಿ ಮೊಹರಿನೊಂದಿಗೆ ಇಬ್ಬರನ್ನು ಕೊಂದವಳು.

ಯಂತ್ರವನ್ನು ಕೋಲ್ಡಿನ ಹಿಂಬದಿಯ ಸ್ಟೋರ್‌ರೂಮಿನಲ್ಲಿ, ಹರಿದ ಗೋಣಿಚೀಲಗಳ ನಡುವೆ ಒಗೆದಿದ್ದರು. ಕಂಟ್ರೋಲ್ ರೂಮಿಗೆ ಅಂಥದೇ ಹೊಸದು ಬಂದಾಗಿತ್ತು. ಚನ್ನವೀರ ಮೊದಲು ಪ್ಲಗ್ ನೋಡಿದ, ವೈರು ಬದಲಿಸಿದ, ಸ್ವಿಚ್ ಒತ್ತಿದ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು, ಒಂದು ಸಲ ಬೀಪ್ ಎಂದಿತು, ಪರದೆ ಕಪ್ಪಗೇ ಉಳಿಯಿತು. ಪಕ್ಕದ ತಗಡು ಬಿಚ್ಚಿದರೆ ಒಳಗೆಲ್ಲ ಕೆಂಪು ಧೂಳು. ಬ್ಯಾಡಗಿಯ ಕಂಪ್ಯೂಟರು ಬಿಚ್ಚುವವನು ಮೊದಲು ಹತ್ತು ಸೀನು ಸೀನಬೇಕು, ಆಮೇಲೆ ಕೆಲಸ. ಬ್ಲೋವರ್ ಹಿಡಿದು ಖಾರ ಹಾರಿಸಿದ. ಪವರ್ ಸಪ್ಲೈ ಬದಲಿಸಿದ, ಅದೇ ಅರ್ಧ ಸುತ್ತು. ರ‍್ಯಾಮ್ ಕಿತ್ತು ಅದರ ಹಿತ್ತಾಳೆ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ, ಅದೇ ಬೀಪ್. ರೂಪಾಯಿ ಬಿಲ್ಲೆಯಂಥ ಬ್ಯಾಟರಿ ತೆಗೆದು ಹೊಸದು ಹಾಕಿದ. ಡಿಸ್ಕ್ ಬಿಡಿಸಿ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಆ ಅಕ್ಷರಗಳಿಗೆ ಅರ್ಥ ಬರಬೇಕಾದರೆ ಅದೇ ಬೋರ್ಡಿನ ಮೇಲಿನ ದನಿಬೀಗ ತೆರೆಯಬೇಕು.

ದನಿಬೀಗದ ಕಥೆ ಸ್ವಲ್ಪ ಹೇಳಬೇಕು. ಮೆಣಸಿನಕಾಯಿ ಧೂಳಿಗೆ ಕೀಬೋರ್ಡುಗಳು ತಿಂಗಳಿಗೊಂದರಂತೆ ಕೆಡುತ್ತಿದ್ದವು, ಒಳಕೋಣೆಗಳ ಚಳಿಯಲ್ಲಿ ಕೈಗವಸು ಹಾಕಿಕೊಂಡು ಒತ್ತುವುದೂ ಆಗದು. ಮೂರು ವರ್ಷದ ಹಿಂದೆ ಕಂಪನಿ ಕೀಬೋರ್ಡನ್ನೇ ತೆಗೆದುಹಾಕಿ ಮಾತಿಗೆ ನಡೆಯುವ ಯಂತ್ರ ತಂದಿತು. ಪಾಳಿಯಲ್ಲಿರುವ ಆಪರೇಟರರ ದನಿಯೇ ಅದರ ಕೀಲಿ. ಒಳಕೋಣೆಗಳಿಂದ ಇಂಟರ್‌ಕಾಮಿನಲ್ಲಿ ಮಾತಾಡಿದರೂ ಅದು ಗುರುತು ಹಿಡಿಯುತ್ತಿತ್ತು. ಪಾಳಿ ಬದಲಾಗುವಾಗ ಇಬ್ಬರೂ ಎದುರು ನಿಂತು ‘ವಹಿಸಿಕೊಟ್ಟೆ’, ‘ವಹಿಸಿಕೊಂಡೆ’ ಎಂದರಾಯಿತು. ನಡುವೆ ಒಬ್ಬರೇ ಏಳುವಾಗ ಎರಡು ಪದ. ಚಹಾಕ್ಕೋ ಬಚ್ಚಲಿಗೋ ಆದರೆ ‘ಬರುತ್ತೇನೆ’. ಆಗ ಯಂತ್ರ, ಬರುವವರು ಬಂದು ನೋಡಿಕೊಳ್ಳಲಿ ಎಂದು ಸೈರನ್ ತಡೆದಿಟ್ಟು ಕಾಯುತ್ತದೆ. ಕೋಣೆಗಳ ಒಳಗೆ ಇಳಿಯುವುದಾದರೆ ‘ಹೋಗುತ್ತೇನೆ’. ಆಗ ಅದು ಎಲ್ಲವನ್ನೂ ತನ್ನ ಸುಪರ್ದಿಗೆ ತೆಗೆದುಕೊಂಡು, ಗ್ಯಾಸಿನ ವಾಸನೆ ಬಡಿದ ಕ್ಷಣ ತಾನೇ ಕೂಗುತ್ತದೆ. ದೂರದ ಯಾವುದೋ ಆಫೀಸಿನಲ್ಲಿ ನಿಘಂಟು ತೆರೆದು ಕೂತವರು ಮಾಡಿದ ಏರ್ಪಾಡು. ನಿಘಂಟಿನಲ್ಲಿ ಎರಡೂ ಪದ ಸರಿಯಾಗಿಯೇ ಇವೆ. ಈ ಸೀಮೆಯಲ್ಲಿ ಮನೆ ಬಿಡುವ ಯಾವ ಮನುಷ್ಯನೂ ‘ಹೋಗ್ತೇನಿ’ ಅನ್ನುವುದಿಲ್ಲ ಎಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ.

ಆ ಬೀಗವನ್ನು ಬೋರ್ಡಿಗೆ ಕೂರಿಸಿದವನು ಚನ್ನವೀರನೇ. ಅದರ ಜೊತೆ ಬಂದ ಕಾಗದಗಳಿಗೂ ಆಮೇಲೆ ಬರುತ್ತಿದ್ದ ಕಾಗದಗಳಿಗೂ ಸಹಿ ಹಾಕಿದ್ದ. ಅಂಥ ಕಾಗದಗಳನ್ನು ಓದುವ ಚಟ ಅವನಿಗಿರಲಿಲ್ಲ.

ಈಗ ಅವನು ಟಾರ್ಚು ಹಿಡಿದು ಬೋರ್ಡಿಗೆ ಮೂಗು ತಾಗುವಷ್ಟು ಬಗ್ಗಿದ. ಬೀಗದ ಚಿಪ್ಪಿನ ಪಕ್ಕ ಸಾಸಿವೆಯಷ್ಟು ದೀಪವೊಂದಿತ್ತು. ಚಿಪ್ ಸುಟ್ಟಿದ್ದರೆ ಅದು ಕೆಂಪಗಿರಬೇಕಿತ್ತು, ಪೂರ್ತಿ ಹೋಗಿದ್ದರೆ ಆರಿರಬೇಕಿತ್ತು. ಧೂಳು ಒರೆಸಿದ. ದೀಪ ಹಳದಿ ಇತ್ತು.

ಹಳದಿ ಎಂದರೆ ಆಪರೇಟರ್ ಬರುತ್ತೇನೆ ಎಂದು ಹೇಳಿ ಎದ್ದಿದ್ದಾರೆ, ಅವರು ಬರುವವರೆಗೆ ಬೇರೆ ಯಾರ ಕೈಗೂ ಯಂತ್ರ ಸಿಗದು ಎಂದರ್ಥ. ಕರೆಂಟು ಹೋಗಲಿ ಬರಲಿ, ಬೀಗ ಅದನ್ನು ಮರೆಯುವುದಿಲ್ಲ. ಯಂತ್ರ ಸತ್ತಿರಲಿಲ್ಲ, ಕೆಟ್ಟಿರಲೂ ಇಲ್ಲ. ಅದು ಮೂವತ್ತೆಂಟು ದಿನದಿಂದ ಕಸ್ತೂರಿಯ ದಾರಿ ಕಾಯುತ್ತಿತ್ತು. ಚನ್ನವೀರ ಗೋಣಿಚೀಲಗಳ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು ಬಂತು, ಸುತ್ತಲೂ ಖಾರ ಇದ್ದದ್ದು ಒಳ್ಳೆಯದೇ ಆಯಿತು.

ತಿರುಗಿ ಬಂದವರನ್ನು ಬೀಗ ಒಪ್ಪುವುದು ಅವರೇ ಬಂದು ಕುರ್ಚಿಯಲ್ಲಿ ಕೂತಾಗ ಮಾತ್ರ. ಕೂರುವವರಿಲ್ಲದೆ ಬೀಗ ಬಿಡಿಸುವ ದಾರಿ ಒಂದೇ. ಪಾಳಿಯಲ್ಲಿದ್ದವರದೇ ದನಿಯಲ್ಲಿ ‘ಹೋಗ್ತೇನಿ’ ಎಂಬ ಮಾತು ಅದಕ್ಕೆ ಕೇಳಿಸಬೇಕು.

ಕಸ್ತೂರಿಯ ನಂತರದ ಪಾಳಿಯ ಆಪರೇಟರ್ ರೇಷ್ಮಾ ನದಾಫ ಊಟದ ಡಬ್ಬಿ ತೊಳೆಯಲು ಹಿಂದಕ್ಕೆ ಬಂದಿದ್ದಳು. ಕಸ್ತೂರಿ ಯಾವತ್ತಾದರೂ ಆ ಮಾತು ಅಂದದ್ದನ್ನು ಕೇಳಿದ್ದೀಯಾ ಎಂದು ಚನ್ನವೀರ ಅವಳನ್ನೇ ಕೇಳಿದ.

“ಅಕ್ಕಾರು ಬಾಯಿತಪ್ಪಿನೂ ಅಂದವ್ರಲ್ರಿ ಅಣ್ಣಾರ. ನಾವ್ಯಾರೂ ಅಂದಿಲ್ಲ. ಒಳಗ ಗ್ಯಾಸು, ಚಳಿ, ಇಂಥಾ ಜಾಗಾಕ್ಕ ಇಳಿಯೂ ಮುಂದ ಹೋಗ್ತೇನಿ ಅಂತ ಹೆಂಗ ಅನ್ನೂದ್ರಿ? ಎಲ್ಲಾರೂ ಬರ್ತೇನಿ ಅಂತನ ಇಳೀತಿದ್ವಿ. ಇಷ್ಟು ದಿನ ಏನೂ ಆಗಿರಲಿಲ್ಲ.”

ಮರುದಿನ ಬೆಳಿಗ್ಗೆ ಚನ್ನವೀರ ಮನೆಯಲ್ಲಿ ಕೂತು ಹುಡುಕಿದ. ರಿಪೇರಿ ಮಾಡುವವನ ಮನೆ, ಹದಿನಾರು ವರ್ಷದ್ದೆಲ್ಲ ಒಂದಲ್ಲ ಒಂದು ಡಿಸ್ಕಿನಲ್ಲಿ ನಕಲಾಗಿ ಕೂತಿತ್ತು. ಕಸ್ತೂರಿಯ ದನಿಯಲ್ಲಿ ‘ಬರ್ತೇನಿ’ ಬೇಕಾದಷ್ಟು ಸಿಕ್ಕಿತು. ಪೇಟೆಗೆ ಹೋಗಿ ಬರ್ತೇನಿ, ಅವ್ವಗ ಗುಳಿಗಿ ತಗೊಂಡು ಬರ್ತೇನಿ, ತಡಾ ಆಗತೈತಿ ಆದ್ರ ಬರ್ತೇನಿ. ದನಿಯನ್ನು ಕಲಿತು ಹೊಸ ಮಾತು ಹೆಣೆಯುವ ಸಾಫ್ಟ್‌ವೇರಿಗೆ ಅವನ್ನೆಲ್ಲ ತಿನ್ನಿಸಿ ‘ಹೋಗ್ತೇನಿ’ ಎನ್ನಿಸಿದ. ಕೇಳಲು ಕಸ್ತೂರಿಯೇ. ಸ್ಟೋರ್‌ರೂಮಿಗೆ ಒಯ್ದು ಕೇಳಿಸಿದರೆ ಹಳದಿ ದೀಪ ಮಿಸುಕಲಿಲ್ಲ. ಉಸಿರಿಲ್ಲದ ಮಾತನ್ನು ಬೀಗ ನಂಬುವುದಿಲ್ಲ, ಹಾಗೆ ನಂಬದಂತೆಯೇ ಅದನ್ನು ಮಾಡಿದ್ದರು.

ಅವಳು ಆ ಮಾತನ್ನು ನಿಜವಾಗಿ ಅಂದದ್ದು ಒಂದೇ ಸಲ. ಅದು ಎಲ್ಲಿದೆ ಎಂದು ಚನ್ನವೀರನಿಗೆ ನಿನ್ನೆಯೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅರ್ಧ ದಿನ ಬೇರೆಲ್ಲ ಕಡೆ ಹುಡುಕಿದ.

ಎರಡು ವರ್ಷದ ಹಿಂದೆ ಒಂದು ರವಿವಾರ, ಕೆಲಸದಿಂದ ದಣಿದು ಬಂದವಳು ಅನ್ನಕ್ಕಿಡಲು ತಡ ಮಾಡಿದಳೆಂದು, ತಾಯಿಯ ಎದುರಿಗೇ ಅವನು ಅಂದಿದ್ದ: ಮಷಿನ್ ಮುಂದ ಕೂತು ಮಾತಾಡೂದೂ ಒಂದು ನೌಕರಿ ಏನ, ಅದಕ್ಕೂ ದಣಿವಾ? ಅವಳು ಚೀಲ ತೆಗೆದುಕೊಂಡು ಸವಣೂರಿನ ತವರಿಗೆ ನಡೆದಳು. ಬಸ್ ಸ್ಟ್ಯಾಂಡಿನಿಂದ ಫೋನಿಗೆ ಒಂದು ದನಿಪತ್ರ ಕಳಿಸಿದ್ದಳು. ನಾಲ್ಕು ದಿನದ ಮೇಲೆ ತಾನೇ ತಿರುಗಿ ಬಂದು, ಕೈಕಾಲು ತೊಳೆಯುವ ಮೊದಲೇ ಕೇಳಿದ್ದು ಅದನ್ನೇ: “ಆ ಮಾತು ಅಳಸ್ರಿ. ಸಿಟ್ಟಿನ್ಯಾಗ ಅಂದೇನಿ. ಅಂಥಾ ಮಾತು ಮನಿಯಾಗ ಇರಬಾರದು.” ಅಳಿಸೀನಿ ಅಂದಿದ್ದ. ಫೋನಿನಿಂದ ಅಳಿಸಿಯೂ ಇದ್ದ. ನಕಲು ಉಳಿದಿತ್ತು, ಅವನು ಯಾವ ನಕಲನ್ನೂ ಅಳಿಸಿದವನಲ್ಲ.

ಅದನ್ನು ತೆರೆದ. ಬಸ್ಸುಗಳ ಗದ್ದಲ, ಕಂಡಕ್ಟರನ ಕೂಗು, ಅದರ ನಡುವೆ ಅಳು ನುಂಗಿದ ದನಿ: “ಇಟ್ಕೊಂಡ್ರ ಇಟ್ಕೊಳ್ರಿ, ಬಿಟ್ರ ಬಿಡ್ರಿ. ನಾ ಹೋಗ್ತೇನಿ.”

ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಅವಳಿಗೂ ಕೇಳಿಸಿತ್ತು.

“ಅಳಿಸೀನಿ ಅಂತ ಆಕಿ ಮುಂದ ಆಣಿ ಮಾಡಿದ್ದೆಲ್ಲೋ.”

“ಅಳಿಸಿಲ್ಲವ್ವ.”

“ಎರಡು ವರ್ಷ ಆ ಮಾತು ಈ ಮನಿಯಾಗ ಇಟ್ಟಿ.” ನೀಲವ್ವ ಒಳಗೆ ಹೋಗಿ ಪಾತ್ರೆ ತಿಕ್ಕಲು ಕೂತಳು. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮಧ್ಯಾಹ್ನ ಸ್ಟೋರ್‌ರೂಮಿನಲ್ಲಿ ಕಟ್ಟಿಮನಿಯೂ ಬಂದು ನಿಂತರು, ಕೈಯಲ್ಲಿ ಸಹಿ ಬೇಕಿದ್ದ ಕಾಗದ. ಚನ್ನವೀರ ಲ್ಯಾಪ್‌ಟಾಪನ್ನು ಯಂತ್ರದ ಮೈಕಿಗೆ ಹತ್ತಿರ ಹಿಡಿದ. ಬಸ್ಸು, ಕಂಡಕ್ಟರ್, ಇಟ್ಕೊಂಡ್ರ ಇಟ್ಕೊಳ್ರಿ. ಕೊನೆಯ ಮಾತಿಗೆ ಹಳದಿ ದೀಪ ಒಮ್ಮೆ ಆರಿ ಹಸಿರಾಯಿತು. ಫ್ಯಾನು ಪೂರ್ತಿ ತಿರುಗಿತು, ಪರದೆ ಬೆಳಗಿತು. ಯಂತ್ರ ತನ್ನ ಎಂದಿನ ಸೌಮ್ಯ ದನಿಯಲ್ಲಿ ಹೇಳಿತು: “ಸರಿ ಕಸ್ತೂರಿ, ಹೋಗಿ. ಇನ್ನು ನಾನು ನೋಡಿಕೊಳ್ಳುತ್ತೇನೆ.”

ಮರುಕ್ಷಣವೇ ಅದು ತಡೆದಿಟ್ಟಿದ್ದ ಸೈರನ್ನನ್ನು ಬಿಟ್ಟಿತು. ಸೈರನ್ನಿನ ತಂತಿ ಈಗ ಹೊಸ ಯಂತ್ರಕ್ಕಿದ್ದದ್ದರಿಂದ, ಹಳೆಯದರ ಅಂಗೈಯಗಲದ ಸ್ಪೀಕರಿನಲ್ಲೇ ಅದು ಕಿರ್ರೆಂದು ಕೂಗಿತು, ಮೂರನೇ ಕೋಣೆ, ಮೂರನೇ ಕೋಣೆ ಎಂದು. ಕಟ್ಟಿಮನಿ ಎರಡು ಹೆಜ್ಜೆ ಹಿಂದೆ ಸರಿದರು.

ಕೂಗು ಅಡಗಿದ ಮೇಲೆ ಚನ್ನವೀರ ದಾಖಲೆ ತೆರೆದ. ಕೊನೆಯ ದಿನದ ಕೊನೆಯ ಸಾಲುಗಳು ಅಲ್ಲಿದ್ದವು.

ಹನ್ನೊಂದು ಐವತ್ತೆರಡು. ಕಸ್ತೂರಿ: ಮೂರನೇ ಕೋಣ್ಯಾಗ ಗ್ಯಾಸಿನ ವಾಸನಿ ಐತಿ. ಒಳಗ ಇಬ್ಬರು ಅದಾರ, ಇಂಟರ್‌ಕಾಮಿಗೆ ಓ ಅನ್ನವಲ್ಲರು. ನೋಡಿ ಬರ್ತೇನಿ.

ಯಂತ್ರ: ಸರಿ. ನೀವು ಬರುವವರೆಗೆ ಕಾಯುತ್ತೇನೆ.

ಹನ್ನೊಂದು ಐವತ್ತೈದು. ಗ್ಯಾಸಿನ ಮಟ್ಟ ಅಪಾಯಕಾರಿ. ಸೈರನ್ ತಡೆಹಿಡಿಯಲಾಗಿದೆ. ಕಾರಣ: ಆಪರೇಟರ್ ಬರುವವರಿದ್ದಾರೆ.

ಅವಳು ಅಲೆಯಲು ಹೋಗಿರಲಿಲ್ಲ, ಓಡಿಹೋಗಿರಲೂ ಇಲ್ಲ. ಆ ಇಬ್ಬರನ್ನು ಕರೆತರಲು ಇಳಿದಿದ್ದಳು. ಇದನ್ನು ಓದಿದಾಗ ಚನ್ನವೀರನ ಎದೆ ಒಂದು ಗಳಿಗೆ ತುಂಬಿಬಂತು. ಇನ್ನಷ್ಟು ಸಿಗಬಹುದೆಂದು ಹಿಂದಕ್ಕೆ ಹೋದ, ಹದಿನಾಲ್ಕು ತಿಂಗಳು ಹಿಂದಕ್ಕೆ.

ಕಸ್ತೂರಿ ಕೈಯಿಂದ ಬರೆದುಕೊಟ್ಟ ದೂರಿನ ನಕಲು: ಹೋಗ್ತೇನಿ ಅನ್ನೂ ಮಾತು ಬದಲಿ ಮಾಡ್ರಿ. ಒಳಗ ಇಳಿಯೂ ಮುಂದ ನಮ್ಮ ಮಂದಿ ಅದನ್ನ ಅನ್ನೂದಿಲ್ಲ. ಎಲ್ಲಾರೂ ಬರ್ತೇನಿ ಅಂತಾರ. ಒಂದ ದಿನ ಸೈರನ್ ಕೂಗಂಗಿಲ್ಲ.

ಕಂಪನಿಯ ಉತ್ತರ: ಪದ ಬದಲಾವಣೆ ಅಗತ್ಯವಿಲ್ಲ. ಸ್ಥಳೀಯ ತಂತ್ರಜ್ಞರಿಂದ ಸಿಬ್ಬಂದಿಗೆ ತರಬೇತಿ ಕೊಡಿಸಿ.

ಅದರ ಕೆಳಗೆ: ತರಬೇತಿ ನೀಡಲಾಗಿದೆ. ಸಹಿ, ಚನ್ನವೀರ.

ಅವನಿಗೆ ಆ ದಿನ ನೆನಪಿತ್ತು. ತರಬೇತಿ ಎಂದರೆ ರೇಷ್ಮಾ ಕೊಟ್ಟ ಚಹಾ ಕುಡಿದದ್ದು. ಮನೆಯಲ್ಲಿ ಕಸ್ತೂರಿ, ನೀವರ ಒಂದು ಮಾತು ಬರೀರಿ, ನಿಮ್ಮ ಮಾತಾದ್ರ ಕೇಳ್ತಾರ ಎಂದಾಗ ಅವನು ನಕ್ಕಿದ್ದ. “ಮಷಿನ್ನಿಗೆ ಶಕುನ ಅಪಶಕುನ ಏನ್ ಗೊತ್ತು? ಅಂದುಬಿಡು, ಬಾಯಿ ಸವೆಯೂದಿಲ್ಲ.”

ಕಟ್ಟಿಮನಿ ಅವನ ಹೆಗಲ ಮೇಲಿನಿಂದ ಅದೇ ಸಾಲು ಓದುತ್ತಿದ್ದರು. ಓದಿ ಮುಗಿಸಿ ಕೈಯಲ್ಲಿದ್ದ ಕಾಗದವನ್ನು ಮಡಿಚಿ ಕಿಸೆಗಿಟ್ಟರು. ಅವರ ಮುಖದಲ್ಲಿ ಎರಡು ದಿನದಿಂದ ಇದ್ದ ಬಿಗಿ ಸಡಿಲವಾಗಿತ್ತು.

“ಇದು ಚಲೋನ ಆತು ಬಿಡು. ತರಬೇತಿ ಕೊಟ್ಟೀವಿ ಅಂತ ಲಿಖಿತ ಐತಿ. ಕೊಟ್ಟ ಮ್ಯಾಲೂ ಆಕಿ ತಪ್ಪು ಮಾತು ಅಂದಾಳ. ನಿನಗೂ ತ್ರಾಸಿಲ್ಲ, ಕಂಪನಿಗೂ ತ್ರಾಸಿಲ್ಲ. ನಾಳೆ ಕೇಳಿದ್ರ, ಹೌದ್ರಿ ಕೊಟ್ಟೇನಿ ಅನ್ನು. ಅಷ್ಟ.”

ಶುಕ್ರವಾರ ವಿಚಾರಣಾಧಿಕಾರಿ, ಕನ್ನಡಕದ ಒಬ್ಬ ಹೆಣ್ಣುಮಗಳು, ದಾಖಲೆಯನ್ನು ಗಟ್ಟಿಯಾಗಿ ಓದಿಸಿದಳು. ಫಕ್ಕೀರಪ್ಪನ ತಾಯಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ‘ಒಳಗ ಇಬ್ಬರು ಅದಾರ’ ಎಂಬಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಅಧಿಕಾರಿ ಚನ್ನವೀರನನ್ನು ಕೇಳಿದಳು, ತರಬೇತಿ ಕೊಟ್ಟದ್ದು ನಿಜವೇ ಎಂದು.

ನಿಜ ಎಂದರೆ ತಪ್ಪು ಕಸ್ತೂರಿಯದು, ಸುಳ್ಳು ಎಂದರೆ ತನ್ನದು. ಮೂರನೆಯವರ ತಪ್ಪು ಎಂದು ಬರೆಯಲು ಆ ಕಾಗದದಲ್ಲಿ ಜಾಗವೇ ಇರಲಿಲ್ಲ.

“ಕೊಟ್ಟಿಲ್ರಿ,” ಎಂದ ಚನ್ನವೀರ. “ಚಹಾ ಕುಡದು ಸಹಿ ಮಾಡೇನಿ. ಆಕಿ ಹೇಳಿದ್ದು ಖರೆ ಇತ್ತು. ನನಗೂ ಹೇಳಿದ್ಲು. ನಾ ನಕ್ಕೆ. ಆ ಮಾತು ಬದಲಿ ಮಾಡ್ರಿ, ಅಷ್ಟ ಕೇಳ್ಕೋತೇನಿ.”

ಆದೇಶ ಹನ್ನೆರಡು ದಿನಕ್ಕೆ ಬಂತು. ಆಪರೇಟರ್ ಕರ್ತವ್ಯದಲ್ಲೇ ಮೃತಪಟ್ಟಿದ್ದಾರೆ, ಅವರ ಮೇಲೆ ನಿರ್ಲಕ್ಷ್ಯದ ಆರೋಪ ನಿಲ್ಲದು. ಅವಘಡಕ್ಕೆ ಕಾರಣ ಸ್ಥಳೀಯ ತಂತ್ರಜ್ಞನ ಸುಳ್ಳು ಪ್ರಮಾಣಪತ್ರ, ಅವನ ಲೈಸೆನ್ಸ್ ರದ್ದು. ಯಂತ್ರದ ರಚನೆಯಲ್ಲಿ ದೋಷ ಕಂಡುಬಂದಿಲ್ಲ. ಸಿಬ್ಬಂದಿಗೆ ಹೊಸದಾಗಿ ತರಬೇತಿ ಕೊಡತಕ್ಕದ್ದು.

ಅವತ್ತು ಸಂಜೆ ಫಕ್ಕೀರಪ್ಪನ ತಾಯಿ ಬಾಗಿಲಿಗೆ ಬಂದಳು. ಕಸ್ತೂರಿಯ ಫೋಟೋಕ್ಕೆ ಹೊರಗಿನಿಂದಲೇ ಕೈ ಮುಗಿದಳು. ಪಡಸಾಲೆಯಲ್ಲಿ ಕೂತಿದ್ದ ಚನ್ನವೀರನ ಕಡೆ ನೋಡಿ, ಕಟ್ಟೆಯ ಮೇಲೆ ಉಗುಳಿ ಹೋದಳು. ನೀಲವ್ವ ಒಂದು ತಂಬಿಗೆ ನೀರು ತಂದು ಅದನ್ನು ತೊಳೆದಳು.

ಮರುದಿನ ಕೋಲ್ಡಿನ ಕೀಲಿಗೊಂಚಲು ಒಪ್ಪಿಸಲು ಹೋದಾಗ ಕಂಟ್ರೋಲ್ ರೂಮಿನ ಗೋಡೆಗೆ ಹೊಸ ಬೋರ್ಡು ಬಿದ್ದಿತ್ತು. ಒಳಗೆ ಇಳಿಯುವ ಮೊದಲು ‘ಹೋಗುತ್ತೇನೆ’ ಎನ್ನಿ. ಪಾಳಿ ಮುಗಿಸಿದರೂ ‘ಹೋಗುತ್ತೇನೆ’ ಎನ್ನಿ, ಅಭ್ಯಾಸವಾಗಲಿ. ರೇಷ್ಮಾ ಯಂತ್ರದ ಎದುರು ನಿಂತಿದ್ದಳು. ಕಣ್ಣು ಗಟ್ಟಿಯಾಗಿ ಮುಚ್ಚಿ, ಕಹಿ ಗುಳಿಗೆ ನುಂಗುವವರ ಮುಖ ಮಾಡಿ, ಆ ಮಾತನ್ನು ಅಂದಳು.

“ಸರಿ ರೇಷ್ಮಾ, ಹೋಗಿ,” ಎಂದಿತು ಯಂತ್ರ.

ಅವಳು ಚಪ್ಪಲಿ ಮೆಟ್ಟಿ ಹೊರಬಂದಳು. ಚನ್ನವೀರನನ್ನು ದಾಟಿ ನಾಲ್ಕು ಹೆಜ್ಜೆ ಹೋದವಳು, ಏನೋ ಬಿಟ್ಟುಬಂದವಳಂತೆ ತಿರುಗಿದಳು.

“ಬರ್ತೇನ್ರಿ ಅಣ್ಣಾರ.”

ಪೈಪು ಒಡೆದ ದಿನ ಬೆಳಿಗ್ಗೆ ಕಸ್ತೂರಿ ಅಂಗಡಿಯ ಬಾಗಿಲಲ್ಲಿ ನಿಂತು ಇದೇ ಮಾತು ಹೇಳಿದ್ದಳು. ಅವನು ಯಾರದೋ ಚಾಲೂ ಆಗದ ಕಂಪ್ಯೂಟರಿನೊಳಗೆ ತಲೆ ತೂರಿಸಿಕೊಂಡಿದ್ದ, ಓಗೊಡಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತು ಹೋದದ್ದು ಚಪ್ಪಲಿಯ ಸದ್ದಿನಿಂದ ಗೊತ್ತಾಗಿತ್ತು. ಆ ದಿನ ಅವಳ ಆ ಮಾತಿಗೆ, ಸರಿ, ನೀವು ಬರುವವರೆಗೆ ಕಾಯುತ್ತೇನೆ ಎಂದು ಉತ್ತರ ಕೊಟ್ಟದ್ದು ಯಂತ್ರ ಒಂದೇ.

“ಹ್ಞೂಂ, ಹೋಗಿ ಬಾರವ್ವ,” ಎಂದ ಚನ್ನವೀರ.

ಅಷ್ಟರಲ್ಲಿ ರೇಷ್ಮಾ ಗೇಟು ದಾಟಿದ್ದಳು. ಅವಳಿಗೆ ಕೇಳಿಸಲಿಲ್ಲ.